ಅವನ ಬಲಕ್ಕೆ

ನುಕುಅಲೋಫಾದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ
ಕಾಗದದ ಮೇಲೆ ಕಣ್ಣೊಂದನ್ನು ಬರೆದಳು,
ಕಿತ್ತಳೆಹಣ್ಣಿನಷ್ಟು ದೊಡ್ಡದು.
ಒಳಗೋಡೆಗೆ ರಕ್ತನಾಳಗಳ ಬಳ್ಳಿ,
ಅಲ್ಲಲ್ಲಿ ಪೆನ್ನು ಒತ್ತಿ ಕೆಂಪು ಚುಕ್ಕಿ.
"ಸಕ್ಕರೆ ಇಷ್ಟು ವರ್ಷ ಇಲ್ಲಿ ಬಾಡಿಗೆ ಕೊಡದೆ ಕೂತಿದೆ."
ಲಿಸಿಯಾಟೆ ನಕ್ಕ. ನಾನು ನಗಲಿಲ್ಲ.

ಎರಡು ದಾರಿ, ಅಂದಳು.
ಒಂದು ಸೂಜಿ: ಕಣ್ಣಿಗೇ ಚುಚ್ಚಿ ಮದ್ದು ಬಿಡುವುದು,
ತಿಂಗಳಿಗೊಮ್ಮೆ, ಆಮೇಲೆ ನೋಡಿಕೊಂಡು,
ಎಷ್ಟು ತಿಂಗಳೆಂದು ಈಗಲೇ ಹೇಳಲಾಗದು.
ಇನ್ನೊಂದು ಲೇಸರ್: ಬೆಳಕಿನಿಂದ ಸುಡುವುದು,
ನಡುವನ್ನು ಉಳಿಸಲು ಅಂಚನ್ನು.
ಒಂದೆರಡು ಸಲ ಕೂತರೆ ಮುಗಿಯಿತು.
"ಗೆಣಸಿನ ತೋಟಕ್ಕೆ ಬೆಂಕಿ ತಾಗದಿರಲೆಂದು
ಸುತ್ತಲ ಹುಲ್ಲನ್ನು ನಾವೇ ಸುಡುವುದಿಲ್ಲವೆ, ಹಾಗೆ" ಅಂದ ಲಿಸಿಯಾಟೆ.
"ಹಾಗೇ. ಆದರೆ ಹುಲ್ಲು ಮತ್ತೆ ಚಿಗುರುತ್ತದೆ."
"ಕತ್ತಲಲ್ಲಿ?"
"ಕತ್ತಲಲ್ಲಿ ಸ್ವಲ್ಪ ಕಷ್ಟವಾಗುತ್ತದೆ."

ಸ್ವಲ್ಪ!
ಇವನ ಹೊಟ್ಟೆಪಾಡೇ ಕತ್ತಲು.
ನೀರಿಳಿದ ರಾತ್ರಿ ಹವಳದ ದಿಬ್ಬದ ಮೇಲೆ
ಲಾಟೀನು ಹಿಡಿದು, ಸವೆದ ಚಪ್ಪಲಿ ಮೆಟ್ಟಿ,
ಬಿರುಕಿನಲ್ಲಿ ನಿದ್ದೆಹೋದ ಮೀನನ್ನು
ಕಣ್ಣಂಚಿನಲ್ಲೇ ಹಿಡಿಯುವವನು.
ನೇರ ನೋಡಿದರೆ ಮೀನಿಗೆ ತಿಳಿಯುತ್ತದೆ,
ಅನ್ನುತ್ತಿದ್ದನಂತೆ ಅವನಪ್ಪ.

ಸೂಜಿಯೇ ಇರಲಿ, ಅಂದೆವು.
ನಮ್ಮ ದ್ವೀಪದಿಂದ ಪಂಗಾಯಿಗೆ ಸಣ್ಣ ದೋಣಿ,
ಪಂಗಾಯಿಯಿಂದ ಇಡೀ ರಾತ್ರಿ ದೊಡ್ಡದು,
ಹಂದಿಮರಿಗಳ ಪಕ್ಕ ಮಲಗಿ.
ಮದ್ದಿಗೆ ದುಡ್ಡು ಕೇಳಲಿಲ್ಲ; ಸಮುದ್ರ ಕೇಳಿತು.
ಹೋಗಿಬರಲು ಒಂದು ಸಲಕ್ಕೆ ನಾನು ನೇಯ್ದ ಒಂದು ಚಾಪೆ.
ನೋಯುವುದಿಲ್ಲ, ಅಂದ ಮೊದಲ ಸಲ,
ಬರುವುದು ಕಾಣುತ್ತದೆ, ಅಷ್ಟೆ.
ಮೂರನೆಯದಾದ ಮೇಲೆ ಬೈಬಲಿನ ಸಣ್ಣಕ್ಷರ ಓದಿದ,
ಚಾಪೆಯಲ್ಲಿ ನಾನು ತಪ್ಪಿದ ಎಳೆಯನ್ನು ಎಣಿಸಿ ತೋರಿಸಿದ!
ನಾಲ್ಕನೆಯದಕ್ಕೆ ಬಿರುಗಾಳಿ.
ಐದನೆಯದಕ್ಕೆ ದೋಣಿಯ ಬಿಡಿಭಾಗ ನ್ಯೂಜಿಲೆಂಡಿನಿಂದ ಬರಬೇಕಿತ್ತು.
ಆರನೆಯದಕ್ಕೆ ನನ್ನ ತಮ್ಮನ ಸಾವು.
ಸಾವಿನ ಮನೆ ಬಿಟ್ಟು ಕಣ್ಣು ತೋರಿಸಲು ಹೋಗುವುದುಂಟೆ?

ಭಾನುವಾರ, ಪ್ರಾರ್ಥನೆಯ ನಡುವೆ,
ಅವನು ನನ್ನ ಮಣಿಕಟ್ಟು ಹಿಡಿದ:
"ಮೆಲೆನೈತೆ, ಬಲಗಣ್ಣಲ್ಲಿ ಆಕ್ಟೋಪಸ್ ಮಸಿ ಬಿಟ್ಟಿದೆ."
ಜೀವಮಾನವೆಲ್ಲ ಅವನ್ನು ಬಿಲದಿಂದ ಎಳೆದವನು,
ಅವನಿಗೆ ಬೇರೆ ಹೋಲಿಕೆ ಎಲ್ಲಿಂದ ಸಿಗಬೇಕು?

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
"ತಪ್ಪದೆ ಬಂದವರನ್ನು ಎರಡೂ ದಡ ಮುಟ್ಟಿಸುತ್ತವೆ,
ಸೂಜಿ ತುಸು ಸುಖವಾಗಿ.
ಬರಲಾಗದವರನ್ನು ಸೂಜಿ ಕೈಬಿಡುತ್ತದೆ.
ಸುಟ್ಟದ್ದು ಸುಟ್ಟಲ್ಲೇ ನಿಂತು ಕಾಯುತ್ತದೆ."
ದೂರದ ದ್ವೀಪ ಎಂಬ ಕಾಯಿಲೆಗೆ
ಅವಳ ಪುಸ್ತಕದಲ್ಲಿ ಹೆಸರಿರಲಿಲ್ಲ.

ಮಸಿ ತಿಳಿಯಾದ ಮೇಲೆ ಬಲಗಣ್ಣಿಗೆ ಲೇಸರ್.
ಹಸಿರು ಮಿಂಚು, ಮತ್ತೆ ಮಿಂಚು, ಮತ್ತೆ.
ತಲೆಯೊಳಗಿಂದ ಯಾರೋ ಮೊಳೆ ಹೊಡೆದಂತೆ, ಅಂದ;
ಗದ್ದ ಮಾತ್ರ ಕದಲಿಸಲಿಲ್ಲ.
ಎಡಗಣ್ಣಲ್ಲಿ ಹೊಸ ಬಳ್ಳಿ ಹಬ್ಬಿರಲಿಲ್ಲ,
ನಡುವಿಗೆ ನೀರು ಸೇರಿತ್ತು. ಅದಕ್ಕೆ ಸೂಜಿಯೇ,
ದೋಣಿ ಬಂದಾಗ, ದೋಣಿ ಬಂದರೆ.

ಒಂದೇ ಮುಖದಲ್ಲಿ ಈಗ ಎರಡು ವೈದ್ಯ.
ಯಾವುದು ಗೆದ್ದಿತು ಎಂದು ಊರವರು ಕೇಳುತ್ತಾರೆ,
ರಗ್ಬಿ ಪಂದ್ಯದ ಲೆಕ್ಕ ಕೇಳಿದಂತೆ.
ಅವನು ಒಂದೊಂದೇ ಕಣ್ಣು ಮುಚ್ಚಿ ನನ್ನನ್ನು ನೋಡುತ್ತಾನೆ:
ಇದರಲ್ಲಿ ನೀನು ಪೂರ್ತಿ ಇದ್ದೀಯ, ನೀರಲ್ಲಿ ನೆಂದು.
ಇದರಲ್ಲಿ ನಿನ್ನ ಮೂಗು ಖಚಿತ,
ಬಾಗಿಲಿಲ್ಲ, ನಾಯಿಯಿಲ್ಲ.

ನಿನ್ನೆ ಅಮಾವಾಸ್ಯೆ. ನೀರು ಬಹಳ ದೂರ ಇಳಿದಿತ್ತು.
ಲಾಟೀನು ನಾನು ಹಿಡಿದೆ.
ನಲವತ್ತು ವರ್ಷ ಬುಟ್ಟಿ ಹೊತ್ತು ಹಿಂದೆ ನಡೆದವಳು
ಈಗ ಬಲಕ್ಕೆ, ಒಂದು ಮೊಳ ಮುಂದೆ,
ಸುಟ್ಟ ಅಂಚಿನ ಆಚೆ ಇರುವುದನ್ನೆಲ್ಲ ಹೇಳುತ್ತ:
ಗುಂಡಿ.
ಮುಳ್ಳುಚೆಂಡು.
ಜಾರು ಕಲ್ಲು, ಇನ್ನೊಂದು.
ಮೀನು, ಎಂದು ಪಿಸುಗುಟ್ಟಿದೆ.
ಅವನು ತಿರುಗುವಷ್ಟರಲ್ಲಿ ಹೋಗಿತ್ತು.

"ನೀನು ನೇರ ನೋಡಿದೆ," ಅಂದ.